ಸೇತುವೆ ಹತ್ತಿದ ಸ್ಯಾಕ್ಸೋಫೋನ್: ಸನ್ನಿ ರೋಲಿನ್ಸ್ ಬದುಕಿನಿಂದ ಯಶಸ್ಸಿನ ಸೂತ್ರಗಳು

1959ರ ಬೇಸಿಗೆಯಲ್ಲಿ ಸನ್ನಿ ರೋಲಿನ್ಸ್ ಅವರಿಗೆ 28 ವರ್ಷ. ನ್ಯೂಯಾರ್ಕಿನ ಜಾಝ್ ವಲಯದಲ್ಲಿ ಟೆನರ್ ಸ್ಯಾಕ್ಸೋಫೋನ್ ಎಂದ ಕೂಡಲೇ ನೆನಪಾಗುತ್ತಿದ್ದ ಹೆಸರುಗಳಲ್ಲಿ ಅವರದೂ ಒಂದು. ಕ್ಲಬ್ಬುಗಳಿಂದ ಕರೆ, ರೆಕಾರ್ಡ್ ಕಂಪನಿಗಳಿಂದ ಕರೆ, ಪತ್ರಿಕೆಗಳಲ್ಲಿ ಮೆಚ್ಚುಗೆ. ಅಂಥ ಹೊತ್ತಿನಲ್ಲಿ ಅವರು ಎಲ್ಲ ಕಛೇರಿಗಳನ್ನೂ ನಿಲ್ಲಿಸಿ, ವಾದ್ಯ ಹಿಡಿದುಕೊಂಡು ಒಂದು ಸೇತುವೆ ಹತ್ತಿದರು. ಸುಮಾರು ಎರಡು ವರ್ಷ ಅಲ್ಲೇ ಅವರ ಸಾಧನೆ ನಡೆಯಿತು.

ಮೇಲೇರುವ ದಾರಿ ಹೇಳಿಕೊಡುವ ಪುಸ್ತಕಗಳು ಬೇಕಾದಷ್ಟಿವೆ. ಏರಿದ ಮೇಲೆ ‘ನನ್ನ ಹೆಸರಿಗಿರುವ ಬೆಲೆ ನನ್ನ ಕೆಲಸಕ್ಕೂ ಇದೆಯೇ’ ಎಂದು ಕೇಳಿಕೊಳ್ಳುವ ಧೈರ್ಯ ಕಲಿಯಬೇಕೆಂದರೆ ನಾನು ಈ ಮನುಷ್ಯನ ಬದುಕನ್ನು ತೋರಿಸುತ್ತೇನೆ. ಸಂಗೀತಗಾರರಿಗಷ್ಟೇ ಅಲ್ಲ, ಪಾಠ ಮಾಡುವವರಿಗೆ, ಅಂಗಡಿ ನಡೆಸುವವರಿಗೆ, ಕೋಡ್ ಬರೆಯುವವರಿಗೆ ಎಲ್ಲರಿಗೂ ಇದರಲ್ಲಿ ಪಾಲಿದೆ.

1. ದೊಡ್ಡವರು ಓಡಾಡುವ ಬೀದಿಯಲ್ಲಿ ಓಡಾಡಿ

ರೋಲಿನ್ಸ್ ಹುಟ್ಟಿದ್ದು 1930ರ ಸೆಪ್ಟೆಂಬರ್ 7ರಂದು, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ತಂದೆತಾಯಿ ಕೆರಿಬಿಯನ್ ಸಮುದ್ರದ ವರ್ಜಿನ್ ದ್ವೀಪಗಳಿಂದ ಬಂದವರು. ಅಣ್ಣ ಪಿಟೀಲು ಕಲಿತ, ಅಕ್ಕ ಪಿಯಾನೊ ಕಲಿತಳು. ಕಿರಿಯನಿಗೆ ಮಾತ್ರ ಸ್ಯಾಕ್ಸೋಫೋನೇ ಬೇಕಾಯಿತು. ಮೊದಲು ಕೈಗೆ ಬಂದದ್ದು ಚಿಕ್ಕ ಗಾತ್ರದ ಆಲ್ಟೊ ಸ್ಯಾಕ್ಸೋಫೋನ್. ಹದಿಹರೆಯದಲ್ಲಿ ಕೋಲ್ಮನ್ ಹಾಕಿನ್ಸ್ ಅವರ ನುಡಿಸಾಣಿಕೆಗೆ ಮನಸೋತು ಟೆನರ್‌ಗೆ ಬದಲಾಯಿಸಿಕೊಂಡ.

ಹಾಕಿನ್ಸ್ ಅಂದರೆ ಟೆನರ್ ಸ್ಯಾಕ್ಸೋಫೋನನ್ನು ಜಾಝ್‌ನಲ್ಲಿ ಮುಖ್ಯ ವಾದ್ಯವನ್ನಾಗಿ ನಿಲ್ಲಿಸಿದವರು. ಅವರ ಮನೆ ಅದೇ ಬಡಾವಣೆಯಲ್ಲಿತ್ತು. ಹುಡುಗ ಅವರ ಫೋಟೊ ಹಿಡಿದು ಮನೆಯ ಮೆಟ್ಟಿಲ ಮೇಲೆ ಕಾದು ಕೂತು ಸಹಿ ಹಾಕಿಸಿಕೊಂಡು ಬಂದ. ಇನ್ನೂ ಶಾಲೆಗೆ ಹೋಗುವಾಗಲೇ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಅವರ ಮನೆಯಲ್ಲಿ ನಡೆಯುತ್ತಿದ್ದ ರಿಹರ್ಸಲ್‌ಗಳಿಗೆ ಹೋಗತೊಡಗಿದ. ಆ ಕೋಣೆಯಲ್ಲಿ ಕೂತು ಕಲಿತದ್ದನ್ನು ಯಾವ ಪಠ್ಯದಲ್ಲೂ ಬರೆದಿರಲಿಲ್ಲ. ಮಂಕ್ ಅವರ ರಾಗಗಳು ಅಂಕುಡೊಂಕು. ಬೆರಳು ಕಲಿತ ದಾರಿಯಲ್ಲಿ ಅವು ಹೋಗುವುದಿಲ್ಲ. ಅವನ್ನು ನುಡಿಸಬೇಕಾದರೆ ಕಿವಿ ತೆರೆದಿರಲೇಬೇಕು.

ನಿಮ್ಮ ಕ್ಷೇತ್ರದ ದೊಡ್ಡವರು ನಿಮ್ಮ ಊರಿನಲ್ಲೇ ಇರಬಹುದು. ಹೋಗಿ ಬಾಗಿಲು ತಟ್ಟಿ. ಮೊದಲ ಸಲ ಸುಮ್ಮನೆ ಕೂತು ಕೇಳಿಸಿಕೊಂಡು ಬನ್ನಿ.

2. ಓರಗೆಯವರ ಜೊತೆ ಬೆಳೆಯಿರಿ

ಜಾಕಿ ಮೆಕ್ಲೀನ್, ಕೆನ್ನಿ ಡ್ರೂ, ಆರ್ಟ್ ಟೇಲರ್. ಮೂವರೂ ಮುಂದೆ ಹೆಸರಾಂತ ಜಾಝ್ ಕಲಾವಿದರಾದರು. ಮೂವರೂ ಹುಡುಗ ರೋಲಿನ್ಸ್ ಜೊತೆ ಒಂದೇ ಕೇರಿಯಲ್ಲಿ ನುಡಿಸುತ್ತಿದ್ದವರು. ಗುರುವಿನಿಂದ ದಾರಿ ಸಿಗುತ್ತದೆ, ಆದರೆ ನಿನ್ನೆಗಿಂತ ಇವತ್ತು ಚೆನ್ನಾಗಿ ನುಡಿಸಬೇಕೆಂಬ ಹುರುಪು ಹುಟ್ಟುವುದು ಪಕ್ಕದವನು ಚೆನ್ನಾಗಿ ನುಡಿಸಿದಾಗ.

3. ಚಟವನ್ನು ಪ್ರತಿಭೆಯ ಗುಟ್ಟು ಎಂದು ನಂಬಬೇಡಿ

ಈ ಸೂತ್ರಕ್ಕೆ ರೋಲಿನ್ಸ್ ಕೊಟ್ಟ ಬೆಲೆ ದೊಡ್ಡದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1940ರ ದಶಕದ ಕೊನೆಯಲ್ಲಿ ಜಾಝ್ ಕಲಿಯುತ್ತಿದ್ದ ಹುಡುಗರಿಗೆಲ್ಲ ಆಲ್ಟೊ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ದೇವರು. ಪಾರ್ಕರ್ ಹೆರಾಯಿನ್ ಚಟಕ್ಕೆ ಬಿದ್ದಿದ್ದರು. ‘ಅವರಂತೆ ನುಡಿಸಬೇಕೆಂದರೆ ಅವರಂತೆಯೇ ಬದುಕಬೇಕು’ ಎಂಬ ಹುಚ್ಚು ನಂಬಿಕೆ ಹಬ್ಬಿತು. ರೋಲಿನ್ಸ್ ಕೂಡ ಆ ಕೂಪಕ್ಕೆ ಬಿದ್ದರು. 1950ರಲ್ಲಿ ಶಸ್ತ್ರ ತೋರಿಸಿ ದರೋಡೆ ಮಾಡಿದ ಆರೋಪದ ಮೇಲೆ ಬಂಧನವಾಗಿ ರೈಕರ್ಸ್ ಐಲ್ಯಾಂಡ್ ಜೈಲಿನಲ್ಲಿ ಹತ್ತು ತಿಂಗಳು ಕಳೆದರು. ಹೊರಬಂದ ಮೇಲೂ ಚಟ ಬಿಡಲಿಲ್ಲ.

1953ರ ಜನವರಿಯಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಒಂದು ರೆಕಾರ್ಡಿಂಗ್‌ಗೆ ಪಾರ್ಕರ್ ಮತ್ತು ರೋಲಿನ್ಸ್ ಇಬ್ಬರೂ ಬಂದಿದ್ದರು. ಚಟ ಬಿಟ್ಟಿದ್ದೀಯಾ ಎಂದು ಪಾರ್ಕರ್ ಕೇಳಿದರು. ಬಿಟ್ಟಿದ್ದೇನೆ ಎಂದು ಹುಡುಗ ಸುಳ್ಳು ಹೇಳಿದ. ಸ್ವಲ್ಪ ಹೊತ್ತಿಗೆಲ್ಲ ನಿಜ ತಿಳಿದು ಪಾರ್ಕರ್ ಮುಖ ಸಪ್ಪಗಾಯಿತು. ತನ್ನನ್ನು ನೋಡಿ ಈ ಹುಡುಗರು ಹಾಳಾಗುತ್ತಿದ್ದಾರೆ ಎಂಬ ನೋವು ಆ ಮುಖದಲ್ಲಿ ಕಂಡದ್ದನ್ನು ರೋಲಿನ್ಸ್ ಜೀವನವಿಡೀ ನೆನೆದರು. 1955ರಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿದ್ದ ಸರ್ಕಾರಿ ಚಿಕಿತ್ಸಾಲಯಕ್ಕೆ ತಾವಾಗಿಯೇ ಹೋಗಿ ಸೇರಿದರು. ಗುಣವಾಗಿ ಬಂದು ಪಾರ್ಕರ್ ಮುಂದೆ ನಿಂತು ‘ಬಿಟ್ಟೆ’ ಎನ್ನಬೇಕೆಂಬ ಆಸೆಯಿತ್ತು. ಅದೇ ವರ್ಷ ಮಾರ್ಚ್ 12ರಂದು ಪಾರ್ಕರ್ ತೀರಿಕೊಂಡರು. ಅವರಿಗಿನ್ನೂ 34 ವರ್ಷ.

ಆ ಮಾತು ಹೇಳಲು ಸಾಧ್ಯವಾಗಲೇ ಇಲ್ಲ. ಚಟ ಮಾತ್ರ ಬಿಟ್ಟಿತು. ನನ್ನ ಮಟ್ಟಿಗೆ ರೋಲಿನ್ಸ್ ಅವರ ಅತಿ ದೊಡ್ಡ ಸಾಧನೆ ಯಾವ ರೆಕಾರ್ಡಿನಲ್ಲೂ ಇಲ್ಲ, ಇಲ್ಲಿದೆ.

4. ಪೊರಕೆ ಹಿಡಿಯಲು ನಾಚಬೇಡಿ

ಚಿಕಿತ್ಸೆ ಮುಗಿಸಿ ಬಂದವರು ನೇರ ನ್ಯೂಯಾರ್ಕಿನ ಕ್ಲಬ್ಬುಗಳಿಗೆ ಹೋಗಲಿಲ್ಲ. ಶಿಕಾಗೊದಲ್ಲಿ ಉಳಿದು ಕಟ್ಟಡಗಳಲ್ಲಿ ಕಸ ಗುಡಿಸಿ, ನೆಲ ಒರೆಸುವ ಕೆಲಸ ಮಾಡಿದರು. ಅಷ್ಟರಲ್ಲಾಗಲೇ ಮೈಲ್ಸ್ ಡೇವಿಸ್ ಜೊತೆ ರೆಕಾರ್ಡ್ ಮಾಡಿದ್ದ, ‘ಓಲಿಯೊ’, ‘ಡಾಕ್ಸಿ’, ‘ಏರಿಜಿನ್’ ರಚನೆಗಳನ್ನು ಕೊಟ್ಟಿದ್ದ ಮನುಷ್ಯ ಇವರು. ಹಳೆಯ ಗೆಳೆಯರು, ಹಳೆಯ ಜಾಗ, ಹಳೆಯ ಆಮಿಷ ಇವುಗಳಿಂದ ದೂರ ಇರುವಷ್ಟು ಗಟ್ಟಿಯಾಗುವ ತನಕ ವೇದಿಕೆ ಬೇಡ ಎಂದು ಅವರೇ ತೀರ್ಮಾನಿಸಿದ್ದರು. ಪುನಃ ಕ್ಲಬ್ಬಿಗೆ ಕಾಲಿಟ್ಟಾಗ ಹಳಬರು ಪುನಃ ಚಟಕ್ಕೆ ಕರೆದರು. ಇವರು ತಲೆ ತಗ್ಗಿಸಿಕೊಂಡು ಮುಂದೆ ನಡೆದರು.

5. ಸಹವಾಸ ನೋಡಿ ಸೇರಿ

1955ರ ಕೊನೆಯಲ್ಲಿ ಡ್ರಮ್ಸ್ ವಾದಕ ಮ್ಯಾಕ್ಸ್ ರೋಚ್ ಮತ್ತು ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ಅವರ ತಂಡ ಶಿಕಾಗೊಗೆ ಬಂದಿತ್ತು. ರೋಲಿನ್ಸ್ ಅದನ್ನು ಸೇರಿಕೊಂಡರು. ಬ್ರೌನ್ ಕುಡಿಯುತ್ತಿರಲಿಲ್ಲ, ಮಾದಕ ವಸ್ತು ಮುಟ್ಟುತ್ತಿರಲಿಲ್ಲ. ಆದರೂ ಅಂದಿನ ಯುವ ಟ್ರಂಪೆಟ್ ವಾದಕರಲ್ಲಿ ಅಗ್ರಗಣ್ಯ. ಚಟವಿಲ್ಲದೆಯೂ ಅಷ್ಟು ಎತ್ತರಕ್ಕೆ ನುಡಿಸಬಹುದು ಎಂಬುದಕ್ಕೆ ದಿನಾ ಪಕ್ಕದಲ್ಲಿ ನಿಲ್ಲುವ ಸಾಕ್ಷಿ ಸಿಕ್ಕಿತು. 1956ರ ಜೂನ್ 26ರಂದು ಪೆನ್ಸಿಲ್ವೇನಿಯಾದಲ್ಲಿ ಕಾರು ಅಪಘಾತವಾಗಿ ಬ್ರೌನ್ ಸತ್ತಾಗ ಅವರಿಗೆ ಕೇವಲ 25 ವರ್ಷ. ಜೊತೆಗಿದ್ದದ್ದು ಕೆಲವೇ ತಿಂಗಳು. ಆ ಕೆಲವು ತಿಂಗಳು ರೋಲಿನ್ಸ್ ಬದುಕನ್ನು ಹಿಡಿದು ನಿಲ್ಲಿಸಿದವು.

6. ಪೈಪೋಟಿಗಾರನ ಪಕ್ಕದಲ್ಲಿ ನಿಂತು ನುಡಿಸಿ

ಅದೇ 1956ರ ಮೇ 24. ರೋಲಿನ್ಸ್ ರೆಕಾರ್ಡಿಂಗ್‌ಗೆ ಮೈಲ್ಸ್ ಡೇವಿಸ್ ತಂಡದ ಪಿಯಾನೊ, ಬಾಸ್, ಡ್ರಮ್ಸ್ ವಾದಕರು ಬಂದಿದ್ದರು. ಅದೇ ತಂಡದ ಟೆನರ್ ವಾದಕ ಜಾನ್ ಕೋಲ್ಟ್ರೇನ್ ಕೂಡ ಸ್ಟುಡಿಯೊದಲ್ಲಿ ಸೇರಿಕೊಂಡರು. ‘ಟೆನರ್ ಮ್ಯಾಡ್ನೆಸ್’ ಎಂಬ ಸುಮಾರು ಹನ್ನೆರಡು ನಿಮಿಷದ ಒಂದು ಹಾಡು ಹುಟ್ಟಿತು. ಆ ಕಾಲದ ಇಬ್ಬರು ಮಹಾನ್ ಟೆನರ್ ವಾದಕರು ಒಟ್ಟಿಗೆ ರೆಕಾರ್ಡ್ ಮಾಡಿದ್ದು ಅದೊಂದೇ ಸಲ. ಇಬ್ಬರಲ್ಲಿ ಯಾರು ಗೆದ್ದರೆಂದು ಇಂದಿಗೂ ಅಭಿಮಾನಿಗಳು ವಾದಿಸುತ್ತಾರೆ. ನುಡಿಸಿದವರಿಬ್ಬರೂ ಸ್ನೇಹಿತರಾಗಿಯೇ ಉಳಿದರು.

7. ಅಮ್ಮ ಹಾಡಿದ್ದನ್ನು ಮರೆಯಬೇಡಿ

ಬ್ರೌನ್ ಸಾಯುವ ನಾಲ್ಕು ದಿನ ಮೊದಲು, ಜೂನ್ 22ರಂದು, ರೋಲಿನ್ಸ್ ಒಂದೇ ದಿನದಲ್ಲಿ ‘ಸ್ಯಾಕ್ಸೋಫೋನ್ ಕೊಲೊಸಸ್’ ರೆಕಾರ್ಡ್ ಮಾಡಿದರು. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ಎಂಬ ತಂತ್ರಜ್ಞ ತನ್ನ ತಂದೆತಾಯಿಯ ಮನೆಯ ನಡುಮನೆಯನ್ನೇ ಸ್ಟುಡಿಯೊ ಮಾಡಿಕೊಂಡಿದ್ದ; ಅಲ್ಲಿ. ಐದೇ ಹಾಡುಗಳು. ಮೊದಲನೆಯದು ‘ಸೇಂಟ್ ಥಾಮಸ್’.

ಸೇಂಟ್ ಥಾಮಸ್ ಅವರ ತಾಯಿಯ ದ್ವೀಪ. ಚಿಕ್ಕಂದಿನಲ್ಲಿ ಅಮ್ಮ ಹಾಡುತ್ತಿದ್ದ, ಕೆರಿಬಿಯನ್ ದ್ವೀಪಗಳ ಕ್ಯಾಲಿಪ್ಸೊ ಧಾಟಿಯ ಜನಪದ ರಾಗ ಅದು. ನ್ಯೂಯಾರ್ಕಿನ ಜಾಣ ಜಾಝ್ ಕೇಳುಗರ ಎದುರು ಇಂಥ ಹಬ್ಬದ ಕುಣಿತದ ಹಾಡು ನುಡಿಸಿದರೆ ಏನಂದುಕೊಂಡಾರು ಎಂದು ಅವರು ಅಂಜಲಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಜನ ಗುರುತಿಸುವ ಜಾಝ್ ರಾಗಗಳಲ್ಲಿ ಇಂದು ಅದೂ ಸೇರಿದೆ.

ವಾದ್ಯ ಎಲ್ಲಿಂದಲೋ ಬಂದಿರಬಹುದು, ಹಾಡು ನಿಮ್ಮ ಮನೆಯದಾಗಿದ್ದರೆ ಅದು ನಿಲ್ಲುತ್ತದೆ. ನಮ್ಮಲ್ಲೇ ನೋಡಿ. ಬಂಟ್ವಾಳ ತಾಲ್ಲೂಕಿನ ಸಜಿಪದಲ್ಲಿ ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮಾರುಹೋದರು. ಅದರಲ್ಲಿ ಅವರು ನುಡಿಸಿದ್ದು ಕರ್ನಾಟಕ ಸಂಗೀತ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಛೇರಿಯ ತನಕ ಹೋದರು. ಅವರ ನುಡಿಸಾಣಿಕೆ ಕೇಳಿ ಬೆರಗಾದ ಅಮೆರಿಕದ ಜಾಝ್ ಕಲಾವಿದ ರುದ್ರೇಶ್ ಮಹಾಂತಪ್ಪ ಮುಂದೆ ಅವರೊಡನೆಯೇ 2008ರಲ್ಲಿ ‘ಕಿನ್ಸ್‌ಮೆನ್’ ಆಲ್ಬಂ ಹೊರತಂದರು. ಕರಾವಳಿಯ ಮದುವೆ, ದೇವಸ್ಥಾನ, ದೈವಗಳ ನೇಮಗಳಲ್ಲಿ ಸ್ಯಾಕ್ಸೋಫೋನ್ ಕೇಳಿ ಬೆಳೆದ ಮಕ್ಕಳಿಗೆ ಅದು ಪರದೇಶದ್ದು ಎಂದು ಅನ್ನಿಸುವುದೇ ಇಲ್ಲ.

8. ಆಸರೆಯನ್ನು ಒಂದೊಂದಾಗಿ ತೆಗೆಯಿರಿ

ಜಾಝ್ ತಂಡದಲ್ಲಿ ಪಿಯಾನೊ ಹಿಂದಿನಿಂದ ಸ್ವರಗುಚ್ಛಗಳನ್ನು ಹಾಕುತ್ತಿರುತ್ತದೆ. ಮುಂದೆ ನಿಂತವರಿಗೆ ತಾವು ಎಲ್ಲಿದ್ದೇವೆ, ಎಲ್ಲಿಗೆ ಹೋಗಬೇಕು ಎಂಬುದನ್ನು ಅದೇ ತಿಳಿಸುತ್ತದೆ. ಈಜು ಕಲಿಯುವವರ ಬೆನ್ನಿಗೆ ಕಟ್ಟುವ ಸೋರೆಬುರುಡೆಯಂತೆ ಅದು. 1957ರಲ್ಲಿ ರೋಲಿನ್ಸ್ ಆ ಬುರುಡೆಯನ್ನು ಬಿಚ್ಚಿಟ್ಟರು. ಸ್ಯಾಕ್ಸೋಫೋನ್, ಬಾಸ್, ಡ್ರಮ್ಸ್ ಮೂರೇ. ಮಾರ್ಚ್ 7ರಂದು ಲಾಸ್ ಏಂಜಲಿಸ್‌ನಲ್ಲಿ ‘ವೇ ಔಟ್ ವೆಸ್ಟ್’ ರೆಕಾರ್ಡ್ ಆಯಿತು. ಜೊತೆಗಾರರಾದ ಬಾಸ್ ವಾದಕ ರೇ ಬ್ರೌನ್, ಡ್ರಮ್ಸ್ ವಾದಕ ಶೆಲ್ಲಿ ಮ್ಯಾನ್ ಇಬ್ಬರಿಗೂ ಹಗಲಿಡೀ ಕೆಲಸವಿದ್ದದ್ದರಿಂದ ಬೆಳಗಿನ ಜಾವ ಮೂರಕ್ಕೆ ಶುರು ಮಾಡಿದರು. ನವೆಂಬರ್ 3ರಂದು ನ್ಯೂಯಾರ್ಕಿನ ‘ವಿಲೇಜ್ ವ್ಯಾನ್‌ಗಾರ್ಡ್’ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಜನರ ಎದುರೇ ಇನ್ನೊಂದು ರೆಕಾರ್ಡ್.

ಪಿಯಾನೊ ಇಲ್ಲದಾಗ ಸ್ಯಾಕ್ಸೋಫೋನೇ ರಾಗ ಹೇಳಬೇಕು, ಆ ರಾಗದ ಕೆಳಗಿನ ನೆಲವನ್ನೂ ಸೂಚಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನೂ ತೀರ್ಮಾನಿಸಬೇಕು. ತಪ್ಪಿದರೆ ಮುಚ್ಚಿಕೊಳ್ಳಲು ಜಾಗವಿಲ್ಲ. ಆ ರೆಕಾರ್ಡುಗಳಲ್ಲಿ ಅವರ ಮೌನಗಳನ್ನು ಗಮನಿಸಿ ಕೇಳಿ. ಎರಡು ಸ್ವರ ನುಡಿಸಿ ಬಿಡುತ್ತಾರೆ. ಬಾಸ್ ನಡೆಯುತ್ತಲೇ ಇರುತ್ತದೆ. ಆಮೇಲೆ ನೀವು ಎಣಿಸದ ಕಡೆಯಿಂದ ಒಳಬರುತ್ತಾರೆ.

ನಿಮ್ಮ ಕೆಲಸದಲ್ಲಿ ಯಾವುದಿಲ್ಲದೆ ಒಂದು ದಿನವೂ ನಡೆಯದು ಅಂದುಕೊಂಡಿದ್ದೀರೋ ಅದನ್ನು ಒಂದು ವಾರ ಬದಿಗಿಟ್ಟು ನೋಡಿ.

9. ಒಂದು ಎಳೆ ಹಿಡಿದು ಕೊನೆತನಕ ಹೋಗಿ

‘ಸ್ಯಾಕ್ಸೋಫೋನ್ ಕೊಲೊಸಸ್’ನ ಕೊನೆಯ ಹಾಡು ‘ಬ್ಲೂ 7’. ಶುರುವಿನಲ್ಲಿ ಬರುವ ಒಂದು ಪುಟ್ಟ ಸ್ವರಸಮೂಹವನ್ನು ಹಿಡಿದು ಹನ್ನೊಂದು ನಿಮಿಷ ಅದನ್ನೇ ತಿರುಗಿಸಿ, ಮುರಿದು, ಹಿಗ್ಗಿಸಿ, ಕುಗ್ಗಿಸಿ ನೋಡುತ್ತಾರೆ. ಒಳ್ಳೆಯ ಗಾಯಕರು ಸಾಹಿತ್ಯದ ಒಂದೇ ಸಾಲು ಹಿಡಿದು ನೆರವಲ್ ಮಾಡುವುದನ್ನು ಕೇಳಿದವರಿಗೆ ಈ ಕ್ರಮ ಪರಿಚಿತ. ವೇಗದ ಬೆರಳಾಟ ತೋರಿಸುವ ಶಕ್ತಿ ಅವರಿಗೆ ಧಾರಾಳವಾಗಿತ್ತು. ಆದರೂ ಮೊದಲು ಎತ್ತಿಕೊಂಡ ವಿಚಾರ ಮುಗಿಯುವ ತನಕ ಎರಡನೆಯದಕ್ಕೆ ಹಾರಲಿಲ್ಲ.

10. ಹೊಗಳಿಕೆ ಓದಿ ಮಡಿಸಿಡಿ

1958ರಲ್ಲಿ ಗುಂಥರ್ ಶುಲ್ಲರ್ ಎಂಬ ವಿದ್ವಾಂಸ ಸಂಯೋಜಕ ಇದೇ ‘ಬ್ಲೂ 7’ ಬಗ್ಗೆ ದೀರ್ಘ ವಿಶ್ಲೇಷಣೆ ಬರೆದರು. ಸ್ವರಲಿಪಿ ಹಾಕಿ, ಮನೋಧರ್ಮ ಎಷ್ಟು ಕ್ರಮಬದ್ಧವಾಗಿ ಬೆಳೆದಿದೆ ಎಂದು ತೋರಿಸಿಕೊಟ್ಟ ಗಂಭೀರ ಲೇಖನ ಅದು. ಯಾವ ಕಲಾವಿದನಾದರೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಸುವಂಥದ್ದು. ರೋಲಿನ್ಸ್ ಅದನ್ನು ಓದಿ ಕಸಿವಿಸಿಗೊಂಡರು. ತಮಗೆ ಅರಿವಿಲ್ಲದೆ ಬರುತ್ತಿದ್ದದ್ದನ್ನು ಈಗ ಅರಿವಿಟ್ಟು ಮಾಡಲು ಹೊರಟರೆ ಕೈ ತಡವರಿಸುತ್ತದಲ್ಲ! ಇನ್ನು ಮೇಲೆ ವಿಮರ್ಶೆಗಳನ್ನು ಓದಬಾರದು ಎಂದು ನಿರ್ಧರಿಸಿದರು.

ಬೈಗುಳ ಮನುಷ್ಯನನ್ನು ಕೆಡಿಸುವುದಕ್ಕಿಂತ ಹೆಚ್ಚಾಗಿ ಹೊಗಳಿಕೆ ಕೆಡಿಸುತ್ತದೆ ಎಂದು ನಾನು ನಂಬುತ್ತೇನೆ. ಅದೂ ಸರಿಯಾದ, ತಿಳಿದವರು ಮಾಡಿದ ಹೊಗಳಿಕೆ.

11. ನೋವಿದ್ದರೆ ನಿಮ್ಮ ಕೆಲಸದಲ್ಲೇ ಹೇಳಿ

ಹೆಸರು ಬಂದ ಮೇಲೂ ನ್ಯೂಯಾರ್ಕಿನಲ್ಲಿ ಕರಿಯರೆಂಬ ಕಾರಣಕ್ಕೆ ಬಾಡಿಗೆ ಮನೆ ಸಿಗುವುದು ಕಷ್ಟವಾಯಿತು. 1958ರಲ್ಲಿ ‘ಫ್ರೀಡಂ ಸೂಟ್’ ಬಂತು. ರೆಕಾರ್ಡಿನ ಒಂದು ಬದಿ ತುಂಬ, ಸುಮಾರು 19 ನಿಮಿಷ, ಒಂದೇ ರಚನೆ. ಅಮೆರಿಕದ ಸಂಸ್ಕೃತಿಯನ್ನು ಕಟ್ಟಿದ ಕರಿಯರಿಗೆ ಆ ದೇಶ ಕೊಡುತ್ತಿರುವುದು ಹಿಂಸೆ ಎಂಬ ಅರ್ಥದ ನೇರ ಮಾತನ್ನು ರಕ್ಷಾಪುಟದಲ್ಲಿ ಅಚ್ಚು ಹಾಕಿಸಿದರು. ನಾಗರಿಕ ಹಕ್ಕುಗಳ ಚಳವಳಿ ಇನ್ನೂ ಬಲಗೊಳ್ಳುತ್ತಿದ್ದ ಹೊತ್ತದು. ಮುಂದೆ ಅದೇ ರೆಕಾರ್ಡನ್ನು ಹೆಸರು ಬದಲಿಸಿ ‘ಶ್ಯಾಡೊ ವಾಲ್ಟ್ಜ್’ ಎಂದು ಮಾರಿದರು. ಹೆಸರು ಬದಲಾದರೂ ಒಳಗಿನ ಸಂಗೀತ ಅದೇ.

12. ಶಿಖರದಲ್ಲಿದ್ದಾಗ ಕೆಳಗಿಳಿದು ಅಭ್ಯಾಸ ಮಾಡಿ

ಇದೇ ಮುಖ್ಯ ಸೂತ್ರ.

ಜನ ತಮ್ಮ ಬಗ್ಗೆ ಮಾತಾಡುತ್ತಿದ್ದಷ್ಟು ಚೆನ್ನಾಗಿ ತಾವು ನುಡಿಸುತ್ತಿಲ್ಲ ಎಂದು ರೋಲಿನ್ಸ್ ಅವರಿಗೆ ಅನ್ನಿಸತೊಡಗಿತ್ತು. ಬೇರೆ ಯಾರೂ ಹಾಗೆ ಹೇಳಿರಲಿಲ್ಲ. ಅವರ ಕಿವಿ ಹೇಳಿತು, ಅಷ್ಟು ಸಾಕಾಯಿತು. 1959ರಲ್ಲಿ ಸಾರ್ವಜನಿಕ ಕಛೇರಿ ನಿಲ್ಲಿಸಿದರು.

ಆಗ ಅವರಿದ್ದದ್ದು ಮ್ಯಾನ್‌ಹಾಟನ್ನಿನ ಲೋಯರ್ ಈಸ್ಟ್ ಸೈಡ್‌ನ ಗ್ರ್ಯಾಂಡ್ ಸ್ಟ್ರೀಟಿನಲ್ಲಿ. ಒತ್ತೊತ್ತಾದ ಮನೆಗಳು. ಪಕ್ಕದ ಮನೆಯಲ್ಲಿ ತುಂಬು ಬಸುರಿ. ಟೆನರ್ ಸ್ಯಾಕ್ಸೋಫೋನಿನ ಸದ್ದನ್ನು ಗೋಡೆ ತಡೆಯಲಾರದು. ಎಲ್ಲಿ ನುಡಿಸುವುದು? ಒಂದು ದಿನ ಡೆಲಾನ್ಸಿ ಸ್ಟ್ರೀಟಿನಲ್ಲಿ ನಡೆಯುತ್ತಿದ್ದಾಗ ವಿಲಿಯಮ್ಸ್‌ಬರ್ಗ್ ಸೇತುವೆಗೆ ಹತ್ತುವ ಮೆಟ್ಟಿಲು ಕಣ್ಣಿಗೆ ಬಿತ್ತು. ಹತ್ತಿ ನೋಡಿದರು. 1903ರಲ್ಲಿ ತೆರೆದ ಆ ಉಕ್ಕಿನ ಸೇತುವೆ ಈಸ್ಟ್ ನದಿ ದಾಟಿ ಬ್ರೂಕ್ಲಿನ್‌ಗೆ ಹೋಗುತ್ತದೆ. ಒಂದು ಕಡೆ ಮೆಟ್ರೊ ರೈಲು, ಇನ್ನೊಂದು ಕಡೆ ಕಾರು, ಕೆಳಗೆ ನೀರಿನಲ್ಲಿ ದೋಣಿಗಳು. ಪಾದಚಾರಿಗಳ ದಾರಿಯಲ್ಲಿ ಜನ ಕಡಿಮೆ. ಎಷ್ಟು ಜೋರಾಗಿ ಊದಿದರೂ ಕೇಳುವವರಿಲ್ಲ.

ಹಗಲು, ರಾತ್ರಿ, ಚಳಿಗಾಲ ಯಾವುದನ್ನೂ ನೋಡಲಿಲ್ಲ. ಕೆಲವು ದಿನ ಹದಿನೈದು ಗಂಟೆಯವರೆಗೂ ನುಡಿಸಿದ್ದುಂಟು. ದೋಣಿ ಹಾರ್ನ್ ಹಾಕಿದರೆ ಇವರೂ ಸ್ಯಾಕ್ಸೋಫೋನಿನಲ್ಲಿ ಅದಕ್ಕೆ ಉತ್ತರ ಕೊಡುತ್ತಿದ್ದರು. ಆಗೀಗ ಸೊಪ್ರಾನೊ ಸ್ಯಾಕ್ಸೋಫೋನ್ ವಾದಕ ಸ್ಟೀವ್ ಲೇಸಿ ಜೊತೆಗೂಡುತ್ತಿದ್ದರು. ಉಳಿದಂತೆ ಒಬ್ಬರೇ.

ಊದುವವರಿಗೆ ಆ ಜಾಗ ಯಾಕೆ ಒಳ್ಳೆಯದು ಎಂಬುದನ್ನು ತಿಳಿಯಬೇಕು. ಕೋಣೆಯಲ್ಲಿ ನುಡಿಸಿದರೆ ಗೋಡೆ ಸ್ವರವನ್ನು ತುಂಬಿಸಿ ಹಿಂದಕ್ಕೆ ಕೊಡುತ್ತದೆ. ಬಡಕಲು ನಾದವೂ ದುಂಡಗೆ ಕೇಳುತ್ತದೆ. ಬಯಲಿನಲ್ಲಿ ಹೋದ ಸ್ವರ ಹೋಯಿತು. ಅದರ ಮೇಲೆ ರೈಲಿನ ಗದ್ದಲ. ಕೆಳಸ್ಥಾಯಿಯ ಕೊನೆಯ ಸ್ವರಗಳಿಗೆ ಹೊಟ್ಟೆಯಿಂದ ಉಸಿರು ಬರದಿದ್ದರೆ ನಿಮ್ಮ ಕಿವಿಗೇ ಅದು ಕೇಳಿಸದು. ಎಲ್ಲಿ ಉಸಿರು ಸಾಲದು, ಎಲ್ಲಿ ತುಟಿ ಸಡಿಲ, ಎಲ್ಲಿ ಬೆರಳು ಸೋಮಾರಿ, ಎಲ್ಲವೂ ಬಯಲಾಗುತ್ತದೆ. ಹಾಗೆ ಎರಡು ವರ್ಷ ಊದಿದವರ ನಾದ ಎಷ್ಟು ದಪ್ಪ, ಎಷ್ಟು ಅಗಲ ಎಂಬುದು ನಂತರದ ರೆಕಾರ್ಡುಗಳಲ್ಲಿ ಕೇಳುತ್ತದೆ. ಆ ಅವಧಿಯಲ್ಲೇ ಸಿಗರೇಟು ಬಿಟ್ಟರು, ವ್ಯಾಯಾಮ ಹಿಡಿದರು.

1961ರಲ್ಲಿ ಒಂದು ಸಂಗೀತ ಪತ್ರಿಕೆ ಇವರ ಕಥೆಯನ್ನು ಹೆಸರು ಬದಲಾಯಿಸಿ, ಸೇತುವೆಯನ್ನೂ ಬದಲಾಯಿಸಿ ಅಚ್ಚು ಹಾಕಿತು. ಗುಟ್ಟು ನಿಲ್ಲಲಿಲ್ಲ. ಆ ವರ್ಷದ ಕೊನೆಗೆ ಅವರು ವೇದಿಕೆಗೆ ಮರಳಿದರು.

ನಮಗೆ ನಿಮಗೆ ಎರಡು ವರ್ಷ ಬಿಡುವು ಸಿಗದು. ಮನೆ ಬಾಡಿಗೆ, ಮಕ್ಕಳ ಫೀಸು ಕಾಯುವುದಿಲ್ಲ. ದಿನಕ್ಕೊಂದು ಗಂಟೆ ಸಿಕ್ಕೀತು. ಆ ಗಂಟೆಯಲ್ಲಿ ಯಾರಿಗೂ ತೋರಿಸದ, ಎಲ್ಲೂ ಹಾಕದ, ಸಂಬಳ ತರದ ಅಭ್ಯಾಸ ಮಾಡಿ. ನಿಮಗೆ ಈಗಾಗಲೇ ಬರುವ ಕೆಲಸವನ್ನೇ ಎತ್ತಿಕೊಳ್ಳಿ. ಅದರಲ್ಲಿ ನೀವು ಹೇಗೋ ತೇಲಿಸಿಕೊಂಡು ಹೋಗುತ್ತಿರುವ ಜಾಗ ಯಾವುದೆಂದು ನಿಮಗೆ ಗೊತ್ತಿರುತ್ತದೆ.

13. ಮರಳಿ ಬಂದಾಗ ಪವಾಡ ತೋರಿಸಲು ಹೋಗಬೇಡಿ

ರೋಲಿನ್ಸ್ ಸೇತುವೆಯ ಮೇಲಿದ್ದಾಗ ಕೆಳಗೆ ಜಾಝ್ ಬದಲಾಗಿಬಿಟ್ಟಿತ್ತು. ಕೋಲ್ಟ್ರೇನ್ ಎತ್ತರಕ್ಕೇರಿದ್ದರು, ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ಹಳೆಯ ಕಟ್ಟುಪಾಡುಗಳನ್ನೇ ಬಿಟ್ಟು ನುಡಿಸುತ್ತಿದ್ದರು. ಎರಡು ವರ್ಷ ತಪಸ್ಸು ಮಾಡಿದವರು ಏನೋ ಹೊಚ್ಚಹೊಸದನ್ನು ತರುತ್ತಾರೆಂದು ಎಲ್ಲರೂ ಕಾದಿದ್ದರು. 1962ರಲ್ಲಿ ‘ದಿ ಬ್ರಿಡ್ಜ್’ ಬಂತು. ಗಿಟಾರ್ ವಾದಕ ಜಿಮ್ ಹಾಲ್ ಜೊತೆಗೆ ನುಡಿಸಿದ, ತಿಳಿಯಾದ, ಹಳೆಯ ಹಾಡುಗಳನ್ನೂ ಒಳಗೊಂಡ ಆಲ್ಬಂ. ಕೆಲವು ವಿಮರ್ಶಕರು ‘ಇಷ್ಟೇನಾ’ ಎಂದರು.

ಅವರು ಹೋದದ್ದು ಹೊಸ ಶೈಲಿ ಹುಡುಕಲಿಕ್ಕಲ್ಲ, ತಮ್ಮದನ್ನೇ ಸರಿಪಡಿಸಿಕೊಳ್ಳಲು. ಆ ಲೆಕ್ಕದಲ್ಲಿ ನೋಡಿದರೆ ‘ದಿ ಬ್ರಿಡ್ಜ್’ನಲ್ಲಿ ಒಂದು ಸ್ವರವೂ ಪೋಲಾಗಿಲ್ಲ. ಮರುವರ್ಷ, ಹುಡುಗನಾಗಿದ್ದಾಗ ತಾವು ಮೆಟ್ಟಿಲ ಮೇಲೆ ಕಾದು ಸಹಿ ಹಾಕಿಸಿಕೊಂಡಿದ್ದ ಕೋಲ್ಮನ್ ಹಾಕಿನ್ಸ್ ಜೊತೆಗೇ ಒಂದು ಆಲ್ಬಂ ಮಾಡಿದರು. ಅದರಲ್ಲಿ ಗುರುವನ್ನು ಅನುಕರಿಸಲಿಲ್ಲ. ಗುರುವಿನ ಎದುರಲ್ಲೇ ತೀರಾ ಬೇರೆಯಾಗಿ, ಕೆಲವೊಮ್ಮೆ ಕರ್ಕಶವಾಗಿಯೂ ನುಡಿಸಿದರು. ಅದೇ ನಿಜವಾದ ಗೌರವ ಎಂದು ನನಗನ್ನಿಸುತ್ತದೆ.

14. ಬೇಕಾದರೆ ಇನ್ನೊಮ್ಮೆ ನಿಲ್ಲಿಸಿ

1960ರ ದಶಕದ ಕೊನೆಗೆ ಸಂಗೀತದ ವ್ಯಾಪಾರ ಅವರಿಗೆ ಪುನಃ ಬೇಸರ ತರಿಸಿತು. ಈ ಸಲ ದೂರ ಬಂದರು: ಮುಂಬೈನ ಪೊವಾಯಿಯಲ್ಲಿದ್ದ ಸ್ವಾಮಿ ಚಿನ್ಮಯಾನಂದರ ಆಶ್ರಮಕ್ಕೆ. ಸ್ಯಾಕ್ಸೋಫೋನನ್ನೂ ತಂದಿದ್ದರು. ವೇದಾಂತ ಪಾಠ ಕೇಳಿದರು, ಯೋಗ ಕಲಿತರು. ಕಣ್ಣು ಮುಚ್ಚಿ ಕೂತರೆ ಧ್ಯಾನ ಒಲಿಯುತ್ತಿಲ್ಲ ಎಂದು ಹೇಳಿಕೊಂಡಾಗ, ವಾದ್ಯ ನುಡಿಸುವಾಗ ನೀನು ಧ್ಯಾನದಲ್ಲೇ ಇರುತ್ತೀಯೆ ಎಂಬ ಅರ್ಥದ ಸಮಾಧಾನ ಆಶ್ರಮದಲ್ಲಿ ಸಿಕ್ಕಿತು. ಕೆಲಸವೇ ಸಾಧನೆ ಎನ್ನುವ ಕರ್ಮಯೋಗದ ಈ ಮಾತನ್ನು ಅವರು ಮುಂದಿನ ಹತ್ತಾರು ಸಂದರ್ಶನಗಳಲ್ಲಿ ನೆನೆದಿದ್ದಾರೆ. 1972ರ ಹೊತ್ತಿಗೆ ಪುನಃ ರೆಕಾರ್ಡಿಂಗ್‌ಗೆ ಇಳಿದರು.

15. ಲೆಕ್ಕಪತ್ರ ನಂಬಿಕಸ್ಥರ ಕೈಯಲ್ಲಿರಲಿ

ಪತ್ನಿ ಲೂಸಿಲ್ ಅವರ ಮ್ಯಾನೇಜರ್ ಆದರು, ಆಲ್ಬಂಗಳ ನಿರ್ಮಾಪಕಿಯೂ ಆದರು. ಸಂಭಾವನೆ ಎಷ್ಟು, ವರ್ಷಕ್ಕೆ ಎಷ್ಟು ಕಛೇರಿ, ಎಲ್ಲಿ ಬೇಡ ಎನ್ನಬೇಕು ಎಲ್ಲ ಅವರು ನೋಡಿಕೊಂಡರು. ಹೊಗೆ ತುಂಬಿದ ಕ್ಲಬ್ಬುಗಳನ್ನು ಬಿಟ್ಟು ಸಭಾಂಗಣಗಳಲ್ಲಿ, ಗೌರವದ ಸಂಭಾವನೆಗೆ ನುಡಿಸುವುದು ಸಾಧ್ಯವಾಯಿತು. ಲೂಸಿಲ್ 2004ರಲ್ಲಿ ತೀರಿಕೊಂಡರು. ಆಮೇಲೆ ರೋಲಿನ್ಸ್ ತಮ್ಮದೇ ‘ಡಾಕ್ಸಿ’ ಕಂಪನಿ ಮಾಡಿಕೊಂಡು 2006ರಲ್ಲಿ ‘ಸನ್ನಿ, ಪ್ಲೀಸ್’ ಆಲ್ಬಂ ತಂದರು. ಆ ಶೀರ್ಷಿಕೆ ಮನೆಯಲ್ಲಿ ಲೂಸಿಲ್ ಆಗಾಗ ಹೇಳುತ್ತಿದ್ದ ಮಾತು.

16. ಬಿದ್ದಲ್ಲಿಂದಲೇ ಮುಂದುವರಿಸಿ

1986ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾಗರ್ಟೀಸ್‌ನಲ್ಲಿ ಬಯಲು ಕಛೇರಿ. ಕಲ್ಲಿನ ಎತ್ತರದ ಕಟ್ಟೆಯೇ ವೇದಿಕೆ. ನುಡಿಸುತ್ತ ನುಡಿಸುತ್ತ ರೋಲಿನ್ಸ್ ಕೆಳಕ್ಕೆ ಜಿಗಿದರು, ಹಿಮ್ಮಡಿ ಮೂಳೆ ಮುರಿಯಿತು. ಅಂಗಾತ ಮಲಗಿಕೊಂಡೇ ನುಡಿಸುವುದನ್ನು ಮುಂದುವರಿಸಿದರು. ಅಲ್ಲಿ ಸಾಕ್ಷ್ಯಚಿತ್ರ ತೆಗೆಯುತ್ತಿದ್ದ ಕ್ಯಾಮೆರಾದಲ್ಲಿ ಇದೆಲ್ಲ ದಾಖಲಾಗಿದೆ.

2001ರ ಸೆಪ್ಟೆಂಬರ್ 11ರಂದು ಭಯೋತ್ಪಾದಕರ ದಾಳಿ ನಡೆದಾಗ ಅವರು ವರ್ಲ್ಡ್ ಟ್ರೇಡ್ ಸೆಂಟರ್‌ನಿಂದ ಕೆಲವೇ ಬೀದಿ ಆಚೆಯ ಮನೆಯಲ್ಲಿದ್ದರು. ಮರುದಿನ ಮನೆ ಖಾಲಿ ಮಾಡಿಸಿದಾಗ ಸ್ಯಾಕ್ಸೋಫೋನ್ ಹಿಡಿದು ಹೊರಬಂದರು. ಆಗ 71 ವರ್ಷ. ಬಾಸ್ಟನ್‌ನಲ್ಲಿ 15ಕ್ಕೆ ಕಛೇರಿ ಇತ್ತು. ರದ್ದು ಮಾಡೋಣ ಎಂದುಕೊಂಡರು. ಹೋಗಲೇಬೇಕು ಎಂದರು ಲೂಸಿಲ್. ಹೋದರು. ಆ ಸಂಜೆಯ ಧ್ವನಿಮುದ್ರಣ 2005ರಲ್ಲಿ ಹೊರಬಂತು, ಅದರಲ್ಲಿನ ಒಂದು ಹಾಡಿಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು.

17. ನಿಲ್ಲಿಸಬೇಕಾದಾಗ ನಿಲ್ಲಿಸಿ

2012ರ ನಂತರ ಅವರು ವೇದಿಕೆ ಹತ್ತಲಿಲ್ಲ. ಶ್ವಾಸಕೋಶದ ಕಾಯಿಲೆಯಿಂದ 2014ಕ್ಕೆ ಊದುವುದೇ ನಿಂತಿತು. ಹೆಸರಿನ ಬಲದ ಮೇಲೆ ನಾಲ್ಕು ಸ್ವರ ಊದಿ ಚಪ್ಪಾಳೆ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. 2017ರಲ್ಲಿ ತಮ್ಮ ಕಾಗದಪತ್ರ, ಟೇಪು, ನೋಟ್‌ಪುಸ್ತಕಗಳನ್ನೆಲ್ಲ ಹಾರ್ಲೆಮ್‌ನಲ್ಲೇ ಇರುವ ಶೋಂಬರ್ಗ್ ಸಂಶೋಧನಾ ಕೇಂದ್ರಕ್ಕೆ ಒಪ್ಪಿಸಿದರು. ಬೆರಳು ಇಡುವ ಕ್ರಮ, ಉಸಿರಾಟ, ಊಟ, ವ್ಯಾಯಾಮ, ಓದಿದ್ದು, ತಮಗೆ ತಾವೇ ಕೊಟ್ಟುಕೊಂಡ ಎಚ್ಚರಿಕೆ ಎಲ್ಲವನ್ನೂ ದಶಕಗಳ ಕಾಲ ಬರೆದಿಟ್ಟುಕೊಂಡಿದ್ದರು.

18. ಓದಿದ್ದು ಸಾಕು, ಕೇಳಿ

‘ಸೇಂಟ್ ಥಾಮಸ್’ನಿಂದ ಶುರು ಮಾಡಿ. ಮೊದಲು ಮ್ಯಾಕ್ಸ್ ರೋಚ್ ಅವರ ಡ್ರಮ್ಸ್ ಬರುತ್ತದೆ, ಆಮೇಲೆ ರಾಗ. ರಾಗ ಮುಗಿದು ರೋಲಿನ್ಸ್ ತಮ್ಮ ಮನೋಧರ್ಮಕ್ಕೆ ಇಳಿಯುವಾಗ ಎರಡೇ ಸ್ವರಗಳ ತುಣುಕನ್ನು ಹೇಗೆ ಎತ್ತಿ ಎತ್ತಿ ಇಡುತ್ತಾರೆ ಗಮನಿಸಿ. ಎರಡನೆಯ ದಿನ ‘ಬ್ಲೂ 7’. ಮೂರನೆಯ ದಿನ ‘ವಿಲೇಜ್ ವ್ಯಾನ್‌ಗಾರ್ಡ್’ ರೆಕಾರ್ಡು, ಹೆಡ್‌ಫೋನ್ ಹಾಕಿಕೊಂಡು. ಪಿಯಾನೊ ಇಲ್ಲದ ಜಾಗ ಕಿವಿಗೆ ತಾಗಬೇಕು. ‘ದಿ ಬ್ರಿಡ್ಜ್’ ಆಮೇಲೆ. ಅದರ ಶೀರ್ಷಿಕೆ ಹಾಡಿನಲ್ಲಿ ಲಯ ಓಡುತ್ತ ಓಡುತ್ತ ತಟ್ಟನೆ ನಡೆ ಬದಲಿಸುತ್ತದೆ; ಒಂದೇ ಸಲಕ್ಕೆ ಹಿಡಿತಕ್ಕೆ ಬರದು, ಎರಡು ಸಲ ಹಾಕಿ ಕೇಳಿ.